ಕಿಯ ಒರದಿಂದ ರಾಹುಯಿವರೆಗೆ: ನ್ಯೂಜಿಲೆಂಡಿನ ದಿನಬಳಕೆಯ ಮಾವೋರಿ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜಿಲೆಂಡಿಗೆ ಹೊರಟವರಿಗೆ ಇಂಗ್ಲಿಷ್ ಇದ್ದರೆ ಸಾಕು ಎಂದು ಊರಲ್ಲಿ ಹೇಳಿ ಕಳಿಸುತ್ತಾರೆ. ಸಾಕು, ನಿಜ. ಆದರೆ ಆಫೀಸಿನ ಮೊದಲ ಇಮೇಲ್ ‘ಮೋರೆನ’ ಎಂದು ಶುರುವಾಗುತ್ತದೆ, ಮಗುವಿನ ಶಾಲೆಯಿಂದ ‘ಪಾನುಯಿ’ ಬರುತ್ತದೆ, ಬೀಚಿನ ಬಾಯಲ್ಲಿ ‘ರಾಹುಯಿ’ ಎಂಬ ಬೋರ್ಡ್ ನಿಂತಿರುತ್ತದೆ. ಹೊಸದಾಗಿ ಬಂದ ಕನ್ನಡಿಗರು ಇವುಗಳ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅರ್ಥಕ್ಕಿಂತ ಹೆಚ್ಚಾಗಿ, ಆ ಪದ ಕಿವಿಗೆ ಬಿದ್ದಾಗ ನಾವೇನು ಮಾಡಬೇಕು ಅನ್ನುವ ಕಡೆಗೇ ನನ್ನ ಗಮನ.

ಇದು ಎಷ್ಟು ಜನ ಆಡುವ ಭಾಷೆ? ಇಂಗ್ಲಿಷ್ ಮಧ್ಯೆ ಇಷ್ಟೊಂದು ಹೇಗೆ ಸೇರಿಕೊಂಡಿತು?

ಭಾಷೆಯ ಹೆಸರು ತೆ ರೆಒ ಮಾವೋರಿ. ‘ರೆಒ’ ಅಂದರೆ ಭಾಷೆ, ದನಿ. ದೇಶದಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಮಾವೋರಿ ವಂಶದವರು. ಆದರೆ ಈ ಭಾಷೆಯಲ್ಲಿ ಮಾತುಕತೆ ನಡೆಸಬಲ್ಲೆವು ಎಂದು 2018ರ ಜನಗಣತಿಯಲ್ಲಿ ಹೇಳಿಕೊಂಡವರು ಸುಮಾರು 1,86,000 ಮಂದಿ, ಅಂದರೆ ನೂರಕ್ಕೆ ನಾಲ್ವರು.

ಇಷ್ಟು ಕಡಿಮೆಯಾಗಲು ಕಾರಣವಿದೆ. 1867ರ ಕಾಯ್ದೆಯಿಂದ ಶುರುವಾದ ‘ನೇಟಿವ್ ಸ್ಕೂಲು’ಗಳಲ್ಲಿ ಪಾಠ ಇಂಗ್ಲಿಷಿನಲ್ಲೇ ಆಗಬೇಕಿತ್ತು. ಮನೆಮಾತು ಆಡಿದ್ದಕ್ಕೆ ಏಟು ತಿಂದ ಮಕ್ಕಳು ಮುಂದೆ ತಂದೆತಾಯಿಗಳಾದಾಗ, ತಮ್ಮ ಮಕ್ಕಳಿಗೆ ಆ ಭಾಷೆಯೇ ಬೇಡವೆಂದರು. 1972ರ ಸೆಪ್ಟೆಂಬರ್ 14ರಂದು 30,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯೊಂದು ಸಂಸತ್ತಿಗೆ ಹೋಯಿತು: ಶಾಲೆಯಲ್ಲಿ ಮಾವೋರಿ ಕಲಿಸಿ ಎಂದು. 1982ರಲ್ಲಿ ವೆಲಿಂಗ್ಟನ್ ಬಳಿಯ ವೈನುಯಿಯೊಮಾತದಲ್ಲಿ ಮೊದಲ ‘ಕೋಹಙ ರೆಒ’ ತೆರೆಯಿತು. ಹೆಸರಿನ ಅರ್ಥ ಭಾಷೆಯ ಗೂಡು. ಮಾವೋರಿ ಬಿಟ್ಟು ಬೇರೆ ಮಾತೇ ಇಲ್ಲದ ಶಿಶುವಿಹಾರ ಅದು. 1987ರಲ್ಲಿ ಭಾಷೆ ಅಧಿಕೃತವಾಯಿತು.

ಉಚ್ಚಾರಣೆ ಕಷ್ಟವೇ?

ಕನ್ನಡಿಗರಿಗೆ ಇಷ್ಟು ಸುಲಭದ ಭಾಷೆ ಈ ಭಾಗದಲ್ಲಿ ಇನ್ನೊಂದಿಲ್ಲ. ಐದು ಸ್ವರ, ಹತ್ತು ವ್ಯಂಜನ, ಅಷ್ಟೇ. ಐದು ಸ್ವರಗಳಿಗೂ ಹ್ರಸ್ವ-ದೀರ್ಘ ಭೇದವಿದೆ. ಎ-ಏ, ಒ-ಓ ವ್ಯತ್ಯಾಸ ನಮ್ಮ ಲಿಪಿಯಲ್ಲೇ ಇರುವುದರಿಂದ ಇಂಗ್ಲಿಷರು ತಿಣುಕಾಡುವ ಕಡೆ ನಮಗೆ ತೊಂದರೆಯಿಲ್ಲ. ‘ಕೆಕೆ’ ಅಂದರೆ ಕೇಕು, ‘ಕೇಕೇ’ ಅಂದರೆ ಕಂಕುಳು. ಟೀಚರ್‌ಗಳು ತಪ್ಪದೆ ಕೊಡುವ ಉದಾಹರಣೆ ಇದು.

ರೋಮನ್ ಲಿಪಿಯಲ್ಲಿ ಸ್ವರದ ತಲೆ ಮೇಲೆ ಅಡ್ಡಗೆರೆ ಕಂಡರೆ ಅದು ದೀರ್ಘ. ಆ ಗೆರೆಗೆ ‘ತೊಹುತೋ’ ಎನ್ನುತ್ತಾರೆ. ಡಬ್ಲ್ಯೂ-ಎಚ್ ಜೋಡಿಯನ್ನು ಹೆಚ್ಚಿನ ಕಡೆ ‘ಫ್ಯಾನ್’ ಪದದ ಫ ಥರ ಹೇಳುತ್ತಾರೆ. ಇಲ್ಲಿ ನಾನು ಬರೆದ ಫ ಎಲ್ಲವೂ ಅದೇ. ಎನ್-ಜಿ ಜೋಡಿ ನಮ್ಮ ಙ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಆ ಅಕ್ಷರಕ್ಕೆ ಇಲ್ಲಿ ದಿನವಿಡೀ ಡ್ಯೂಟಿ: ಹೊಙಿ, ತಙಿ, ಹಾಙೀ. ‘ಹೊಂಗಿ’ ಎಂದು ಗ ಸೇರಿಸಬೇಡಿ. ಟಿ ಅಕ್ಷರಕ್ಕೆ ನಮ್ಮ ತ ಹತ್ತಿರ, ಟ ಅಲ್ಲ.

ಬಹುವಚನಕ್ಕೆ ಇಂಗ್ಲಿಷಿನ ‘ಸ್’ ಅಂಟಿಸುವ ಹಾಗಿಲ್ಲ. ಒಂದು ಮಾವೋರಿ ಪದ ಒಂದಕ್ಕೂ ನೂರಕ್ಕೂ ಹಾಗೇ ನಿಲ್ಲುತ್ತದೆ. ಕೆಲವು ಪದಗಳಲ್ಲಿ ಮಾತ್ರ ಒಳಗಿನ ಸ್ವರ ಉದ್ದವಾಗುತ್ತದೆ: ‘ವಹಿನೆ’ ಹೆಂಗಸು, ‘ವಾಹಿನೆ’ ಹೆಂಗಸರು. ಟಾಯ್ಲೆಟ್ ಬಾಗಿಲ ಮೇಲೆ ‘ವಾಹಿನೆ’, ‘ತಾನೆ’ ಎಂದಷ್ಟೇ ಬರೆದಿದ್ದರೆ ಗಂಡಸರು ಹೋಗಬೇಕಾದ್ದು ಎರಡನೆಯದಕ್ಕೆ.

‘ಕಿಯ ಒರ’ ಅಂದರೆ ಹಲೋ ಅಷ್ಟೇನಾ?

ಹಲೋ ಹೌದು, ಥ್ಯಾಂಕ್ಸ್ ಹೌದು, ಮೀಟಿಂಗಿನಲ್ಲಿ ಯಾರೋ ಒಳ್ಳೆ ಮಾತಾಡಿದರೆ ‘ಸರಿಯಾಗಿ ಹೇಳಿದ್ರಿ’ ಎನ್ನುವುದಕ್ಕೂ ಅದೇ. ‘ಒರ’ ಅಂದರೆ ಜೀವ, ಆರೋಗ್ಯ, ಕ್ಷೇಮ. ಚೆನ್ನಾಗಿರಿ ಎಂಬ ಹಾರೈಕೆ ಅದು. ಬಸ್ ಡ್ರೈವರ್‌ಗೂ ಹೇಳಬಹುದು, ಮಂತ್ರಿಗೂ ಹೇಳಬಹುದು.

ಈ ಎರಡು ಪದಕ್ಕೂ ಜಗಳವಾಗಿದೆ. 1984ರಲ್ಲಿ ಆಕ್ಲೆಂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನೈಡಾ ಗ್ಲಾವಿಶ್ ಕರೆ ತೆಗೆದುಕೊಂಡಾಗ ‘ಕಿಯ ಒರ’ ಎನ್ನುತ್ತಿದ್ದರು. ಮೇಲಧಿಕಾರಿ ನಿಲ್ಲಿಸು ಎಂದರು, ಆಕೆ ನಿಲ್ಲಿಸಲಿಲ್ಲ. ವಿಷಯ ದೇಶವ್ಯಾಪಿ ಚರ್ಚೆಯಾಗಿ ಪ್ರಧಾನಿಯವರೆಗೂ ಹೋಯಿತು. ಕೊನೆಗೆ ಆಕೆ ತಮ್ಮ ಕುರ್ಚಿಗೂ ತಮ್ಮ ‘ಕಿಯ ಒರ’ಕ್ಕೂ ಮರಳಿದರು.

ದೊಡ್ಡವರಿಗೆ ‘ನೀವು’ ಎನ್ನಲು ಯಾವ ಪದ?

ಇಲ್ಲಿ ಕನ್ನಡಿಗರೇ ಹೆಚ್ಚು ಜಾರುವುದು. ಒಬ್ಬರಿಗೆ ‘ತೇನಾ ಕೊಎ’, ಇಬ್ಬರಿಗೆ ‘ತೇನಾ ಕೋರುಅ’, ಮೂವರು ಅಥವಾ ಹೆಚ್ಚು ಜನರಿಗೆ ‘ತೇನಾ ಕೊಉತೊಉ’. ಸಂಸ್ಕೃತ ಓದಿದವರಿಗೆ ದ್ವಿವಚನ ಹೊಸದಲ್ಲ. ಎಡವುವುದು ಎಲ್ಲೆಂದರೆ, ಮುಂದೆ ಹಿರಿಯರು ನಿಂತಾಗ ನಮ್ಮ ನಾಲಿಗೆ ತಾನಾಗಿ ಬಹುವಚನಕ್ಕೆ ಹೊರಳುತ್ತದೆ. ಮಾವೋರಿಯಲ್ಲಿ ನೀನು-ನೀವು ಎಂಬ ಮರ್ಯಾದೆಯ ಮೆಟ್ಟಿಲಿಲ್ಲ, ತಲೆ ಎಣಿಸುವುದಷ್ಟೆ. ಎಂಬತ್ತು ವರ್ಷದ ಹಿರಿಯರಿಗೂ ‘ತೇನಾ ಕೊಎ’ಯೇ ಸರಿ. ಮರ್ಯಾದೆ ಬೇರೆ ಕಡೆ ತೋರಿಸಬೇಕು: ಹಿರಿಯರನ್ನು ‘ಮತುವ’, ‘ಫಯೆಯ’ ಎಂದು ಕರೆಯುವುದರಲ್ಲಿ, ಅವರು ಮಾತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರುವುದರಲ್ಲಿ.

‘ನಾವು’ ಎನ್ನಲು ಮಾತ್ರ ಅವರದು ನಮಗಿಂತ ನಾಜೂಕು. ನಿಮ್ಮನ್ನೂ ಸೇರಿಸಿಕೊಂಡ ನಾವು ‘ತಾತೊಉ’, ನಿಮ್ಮನ್ನು ಹೊರಗಿಟ್ಟ ನಾವು ‘ಮಾತೊಉ’. ಮಂಗಳೂರು ಕಡೆಯವರಿಗೆ ಪಾಠವೇ ಬೇಡ, ತುಳುವಿನ ‘ನಮ’ ಮತ್ತು ‘ಎಂಕುಲು’ ನೆನೆದರೆ ಮುಗಿಯಿತು.

ಹೊರಡುವಾಗ ಏನು ಹೇಳಬೇಕು?

ಹೊರಡುವವರು ಯಾರು ಎಂದು ನೋಡಿಕೊಳ್ಳಿ. ಉಳಿಯುವವರು ಹೊರಟವರಿಗೆ ‘ಹಯೆರೆ ರಾ’ ಎನ್ನುತ್ತಾರೆ; ನಮ್ಮ ಮನೆಯಾಕೆ ಬಾಗಿಲಲ್ಲಿ ನಿಂತು ‘ಹೋಗಿ ಬನ್ನಿ’ ಎಂದ ಹಾಗೆ. ಹೊರಡುವವರು ಉಳಿದವರಿಗೆ ‘ಎ ನೊಹೊ ರಾ’ ಎನ್ನುತ್ತಾರೆ. ಗೊಂದಲವಾದರೆ ‘ಕ ಕಿತೆ’ ಎಂದುಬಿಡಿ: ಸಿಗೋಣ. ಯಾರು ಯಾರಿಗೆ ಬೇಕಾದರೂ ಹೇಳಬಹುದು.

ಇಮೇಲಿನ ಕೊನೆಯಲ್ಲಿ ‘ಙಾ ಮಿಹಿ’ ಇರುತ್ತದಲ್ಲ?

ವಂದನೆಗಳು. ‘ನುಯಿ’ ಸೇರಿದರೆ ಅನಂತ ವಂದನೆಗಳು. ‘ಮೋರೆನ’ ಅಂದರೆ ಶುಭೋದಯ. ‘ಅರೊಹ ಮೈ’ ಅಂದರೆ ಕ್ಷಮಿಸಿ. ‘ಅರೊಹ’ ಅಂದರೆ ಪ್ರೀತಿ, ಕನಿಕರ ಎರಡೂ. ಉತ್ತರ ಬರೆಯುವಾಗ ಹೀಗೇ ಬಳಸಿ, ಯಾರೂ ಹುಬ್ಬೇರಿಸುವುದಿಲ್ಲ.

ಆಫೀಸಿನಲ್ಲಿ ಕಿವಿಗೆ ಬೀಳುವ ಇತರ ಪದಗಳು?

‘ಮಹಿ’ ಕೆಲಸ, ‘ಹುಯಿ’ ಸಭೆ, ‘ಕೋರೆರೊ’ ಮಾತುಕತೆ, ‘ಕೌಪಪ’ ಉದ್ದೇಶ ಅಥವಾ ವಿಷಯ, ‘ಪಾತೈ’ ಪ್ರಶ್ನೆ, ‘ಕ ಪೈ’ ಶಭಾಷ್, ‘ಹೋಹಾ’ ತಲೆನೋವು ಹಿಡಿಸುವಂಥದ್ದು, ‘ಪಕರು’ ಕೆಟ್ಟು ಕೂತದ್ದು. ಪ್ರಿಂಟರು ಪಕರು, ಅದನ್ನು ರಿಪೇರಿ ಮಾಡಿಸುವುದು ಹೋಹಾ.

ಮುಖ್ಯವಾದದ್ದು ‘ಕೈ’: ಊಟ, ತಿಂಡಿ. ಶುಕ್ರವಾರ ‘ಶೇರ್ಡ್ ಕೈ’ ಇದೆ, ‘ಬ್ರಿಂಗ್ ಎ ಪ್ಲೇಟ್’ ಎಂದು ನೋಟಿಸ್ ಬಂದರೆ ತಟ್ಟೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ತಿಂಡಿ ಇರಬೇಕು. ಖಾಲಿ ತಟ್ಟೆ ಹಿಡಿದು ಬಂದ ಹೊಸಬರ ಕಥೆ ಈ ದೇಶದಲ್ಲಿ ತಲೆಮಾರಿನಿಂದ ಓಡಾಡುತ್ತಿದೆ. ಚಿತ್ರಾನ್ನ ಒಯ್ಯಿರಿ, ಕಡಲೆಬೀಜ ಇದೆ ಎಂದು ಚೀಟಿ ಅಂಟಿಸಿ. ಇಲ್ಲಿ ಅಲರ್ಜಿಯವರು ಬಹಳ.

‘ಕೊಹ’ ಕೊಡಬೇಕು ಎಂದರು. ಎಷ್ಟು?

ಕೊಹ ಅಂದರೆ ಕಾಣಿಕೆ. ಟಿಕೆಟ್ ದರವೂ ಅಲ್ಲ, ದಾನವೂ ಅಲ್ಲ. ಹೋದ ಮನೆಯ ಖರ್ಚಿಗೆ ಹೆಗಲು ಕೊಡುವ ರೀತಿ. ಹಿಂದೆ ಗೆಣಸು, ಮೀನು, ನೇಯ್ದ ಚಾಪೆ ಒಯ್ಯುತ್ತಿದ್ದರು, ಈಗ ಹೆಚ್ಚಾಗಿ ಲಕೋಟೆಯಲ್ಲಿ ನೋಟು. ಮೊತ್ತ ಯಾರೂ ಹೇಳುವುದಿಲ್ಲ. ಗುಂಪಿನಲ್ಲಿ ಹೋಗುವುದಾದರೆ ಎಲ್ಲರದ್ದೂ ಸೇರಿಸಿ ಒಂದೇ ಲಕೋಟೆ ಮಾಡುವುದು ರೂಢಿ. ಮದುವೆ ಮನೆಯ ಮುಯ್ಯಿ ಬರೆದಿಟ್ಟುಕೊಂಡು ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮಗಳ ಶಾಲೆಯಿಂದ ಬಂದ ಪತ್ರದಲ್ಲಿ ಅರ್ಧ ಪದ ಗೊತ್ತಾಗಲಿಲ್ಲ.

‘ಕುರ’ ಶಾಲೆ, ‘ತಮರಿಕಿ’ ಮಕ್ಕಳು, ‘ಕೈಅಕೊ’ ಶಿಕ್ಷಕರು, ‘ಪಾನುಯಿ’ ಸೂಚನಾಪತ್ರ, ‘ವೈಯತ’ ಹಾಡು, ‘ಕರಕಿಯ’ ಪ್ರಾರ್ಥನೆ. ಮಗು ‘ಫರೆಪಕು’ ಎಂದು ಅವಸರದಲ್ಲಿ ಕೂಗಿದರೆ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ. ‘ಎ ನೊಹೊ’ ಕೂತ್ಕೋ, ‘ಎ ತೂ’ ಎದ್ದೇಳು, ‘ಫಕರೊಙೊ ಮೈ’ ನನ್ನ ಮಾತು ಕೇಳು. ಬಾಲವಾಡಿಯ ಮಕ್ಕಳು ವಾರದೊಳಗೆ ಇವನ್ನು ಕಲಿತು ಮನೆಯಲ್ಲಿ ಅಜ್ಜಿಗೆ ಆಜ್ಞೆ ಮಾಡಲು ಶುರು ಮಾಡುತ್ತಾರೆ.

ಕಲಿಯುವ ಆಸೆ ಇದ್ದವರಿಗೆ ಎರಡು ಕೀಲಿಕೈ. ಕ್ರಿಯಾಪದದ ಹಿಂದೆ ‘ಫಕ’ ಬಂದರೆ ಅದು ನಮ್ಮ ‘ಇಸು’: ‘ನೊಹೊ’ ಕೂರು, ‘ಫಕನೊಹೊ’ ಕೂರಿಸು, ‘ಒರ’ ಬದುಕು, ‘ಫಕಒರ’ ಬದುಕಿಸು. ‘ಕೈ’ ಹಿಂದೆ ಬಂದರೆ ನಮ್ಮ ‘ಗಾರ’: ‘ಮಹಿ’ ಕೆಲಸ, ‘ಕೈಮಹಿ’ ಕೆಲಸಗಾರ. ಇದಕ್ಕೂ ಊಟದ ಕೈಗೂ ಸಂಬಂಧ ಹುಡುಕಬೇಡಿ.

ಪ್ರಾರ್ಥನೆಯಲ್ಲಿ ನಾವೂ ಸೇರಬೇಕಾ?

ಕಡ್ಡಾಯವಿಲ್ಲ. ಎದ್ದು ಸುಮ್ಮನೆ ನಿಂತರೆ ಸಾಕು. ಕರಕಿಯಗಳಲ್ಲಿ ಕ್ರೈಸ್ತ ಪ್ರಾರ್ಥನೆಗಳೂ ಇವೆ, ಕ್ರೈಸ್ತಧರ್ಮ ಬರುವ ಮುಂಚಿನವೂ ಇವೆ.

‘ಫಾನೌ’ ಅಂದರೆ ಫ್ಯಾಮಿಲಿ ತಾನೆ?

ಗಂಡ, ಹೆಂಡತಿ, ಎರಡು ಮಕ್ಕಳು ಎಂದುಕೊಂಡರೆ ಚಿಕ್ಕದಾಯಿತು. ಅಜ್ಜ-ಅಜ್ಜಿ, ಚಿಕ್ಕಪ್ಪ-ದೊಡ್ಡಪ್ಪ, ಸೋದರತ್ತೆ, ಅವರ ಮಕ್ಕಳು, ಮೊಮ್ಮಕ್ಕಳೆಲ್ಲ ಫಾನೌ. ಮೊಮ್ಮಕ್ಕಳಿಗೆ ‘ಮೊಕೊಪುನ’, ಪ್ರೀತಿಯಿಂದ ‘ಮೊಕೊ’. ಆಸ್ಪತ್ರೆಯ ರೋಗಿಯ ಜೊತೆ ಹತ್ತು ಜನ ಬಂದು ಕೂತರೆ ನಮ್ಮವರಿಗೆ ಆಶ್ಚರ್ಯವಾಗುವುದಿಲ್ಲ. ಇಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಫಾನೌ ಕೋಣೆಗಳಿವೆ.

ಈ ಭಾಷೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇಲ್ಲಿನ ಜೋಡಿ ಅರ್ಥಗಳು. ಫಾನೌ ಅಂದರೆ ಬಂಧುಬಳಗ. ಹುಟ್ಟುವುದು ಎಂದೂ ಹೌದು. ಹಲವು ಫಾನೌ ಸೇರಿದರೆ ‘ಹಪೂ’, ಆ ಪದದ ಇನ್ನೊಂದು ಅರ್ಥ ಬಸುರಿ. ಹಲವು ಹಪೂ ಸೇರಿದರೆ ‘ಇವಿ’, ಅಂದರೆ ಬುಡಕಟ್ಟು. ಇವಿ ಅಂದರೆ ಮೂಳೆಯೂ ಹೌದು. ನೆಲಕ್ಕೆ ‘ಫೆನುವ’ ಎನ್ನುತ್ತಾರೆ, ಮಗುವಿನ ಜೊತೆ ಬರುವ ಮಾಸಿಗೂ ಫೆನುವ ಎನ್ನುತ್ತಾರೆ. ಅದು ಪದದಲ್ಲೇ ನಿಂತಿಲ್ಲ. ಹೆರಿಗೆಯಾದ ಮೇಲೆ ಮಾಸನ್ನು ಮನೆಗೆ ಒಯ್ದು ತಮ್ಮ ವಂಶದ ನೆಲದಲ್ಲಿ ಹೂಳುವ ಪದ್ಧತಿ ಇಂದಿಗೂ ಇದೆ, ಅದಕ್ಕೇ ಸೂಲಗಿತ್ತಿಯರು ‘ಫೆನುವ ಬೇಕಾ?’ ಎಂದು ಎಲ್ಲ ತಾಯಂದಿರನ್ನೂ ಕೇಳುತ್ತಾರೆ. ಈ ಪ್ರಶ್ನೆ ನಿಮಗೂ ಬಂದರೆ ಗಾಬರಿಯಾಗಬೇಡಿ. ‘ತಙತ ಫೆನುವ’ ಎಂದರೆ ನೆಲದ ಮಕ್ಕಳು, ಅಂದರೆ ಮಾವೋರಿಗಳು. ಪಾಸ್‌ಪೋರ್ಟಿನ ಮೇಲೆ ‘ಉರುಫೆನುವ’ ಎಂದಿರುತ್ತದೆ: ನೆಲ ಪ್ರವೇಶ.

ಅಣ್ಣ, ತಮ್ಮ, ಅಕ್ಕ, ತಂಗಿ?

ಇಂಗ್ಲಿಷಿನಂತೆ ಎಲ್ಲರೂ ಬ್ರದರ್-ಸಿಸ್ಟರ್ ಅಲ್ಲ, ಆದರೆ ನಮ್ಮ ಲೆಕ್ಕವೂ ಅಲ್ಲ. ಗಂಡಿಗೆ ಅಣ್ಣ, ಹೆಣ್ಣಿಗೆ ಅಕ್ಕ ಇಬ್ಬರೂ ‘ತುವಕನ’. ಗಂಡಿಗೆ ತಮ್ಮ, ಹೆಣ್ಣಿಗೆ ತಂಗಿ ‘ತೆಯಿನ’. ಹೆಣ್ಣಿನ ಅಣ್ಣತಮ್ಮಂದಿರು ‘ತುಙಾನೆ’, ಗಂಡಿನ ಅಕ್ಕತಂಗಿಯರು ‘ತುವಹಿನೆ’. ಶಾಲೆಗಳಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮಕ್ಕೆ ತುವಕನ-ತೆಯಿನ ಎಂದೇ ಹೆಸರು. ಟೀಚರ್‌ಗಳನ್ನು ‘ಫಯೆಯ’, ‘ಮತುವ’ ಎಂದು ಕರೆದರೆ ಅದು ನಮ್ಮ ಮಕ್ಕಳು ಕಂಡಕಂಡವರನ್ನೆಲ್ಲ ಆಂಟಿ-ಅಂಕಲ್ ಎನ್ನುವ ಲೆಕ್ಕ.

‘ತಪು’ ಅಂದರೆ ಮಡಿಯೇ?

‘ತಪ್ಪು’ ಎಂದು ಕೇಳಿಸುತ್ತದೆ, ಆದರೆ ಅದಲ್ಲ. ಪವಿತ್ರ, ನಿಷಿದ್ಧ, ಬೇರೆ ಇಡಬೇಕಾದದ್ದು. ಇಂಗ್ಲಿಷಿನ ‘ಟಾಬೂ’ ಇದರ ನೆಂಟ, ಟೊಂಗಾದ ಭಾಷೆಯಿಂದ ಹೋದದ್ದು. ತಪುವಿಗೆ ಜೋಡಿ ‘ನೊಅ’, ಅಂದರೆ ಸಾಮಾನ್ಯ, ಕಟ್ಟಿಲ್ಲದ್ದು. ಮಡಿ-ಮೈಲಿಗೆಯ ಕಣ್ಣಲ್ಲಿ ನೋಡಿದರೆ ಬೇಗ ಅರ್ಥವಾದಂತೆ ಅನಿಸುತ್ತದೆ, ಆದರೆ ದಾರಿ ತಪ್ಪುತ್ತದೆ. ನೊಅ ಎಂದರೆ ಮೈಲಿಗೆಯಲ್ಲ. ತಪುವಿನ ಬಿಗಿಯಿಂದ ಹೊರಬಂದು ಎಲ್ಲರೂ ಕೂತು ಉಣ್ಣುವ ಸ್ಥಿತಿ. ಜಾತಿಯ ಮೇಲು-ಕೀಳು ಅದರಲ್ಲಿಲ್ಲ.

ನಿತ್ಯ ಬದುಕಿನಲ್ಲಿ ಇದು ಸಣ್ಣಸಣ್ಣ ನಿಯಮಗಳಾಗಿ ಕಾಣುತ್ತದೆ. ತಲೆ ತಪು, ಕೇಳದೆ ಮಗುವಿನ ತಲೆ ಸವರಬೇಡಿ, ತಲೆಯ ಮೇಲಿಂದ ಊಟ ದಾಟಿಸಬೇಡಿ. ಟೇಬಲ್ ಊಟದ ಜಾಗ. ಅದರ ಮೇಲೆ ಕೂರುವುದಿಲ್ಲ, ಟೋಪಿ ಇಡುವುದಿಲ್ಲ. ಆಫೀಸಿನಲ್ಲಿ ಟೇಬಲ್ ತುದಿಗೆ ಒರಗಿ ಕೂತು ಹರಟುವ ಅಭ್ಯಾಸ ನಮ್ಮವರಿಗೆ ಬಹಳ, ಮೊದಲು ಬಿಡಬೇಕಾದದ್ದು ಅದೇ. ಪಾತ್ರೆ ಒರೆಸುವ ಬಟ್ಟೆಯನ್ನು ಒಳಉಡುಪಿನ ಜೊತೆ ಮಷೀನಿಗೆ ಹಾಕುವುದಿಲ್ಲ. ನರ್ಸಿಂಗ್ ಕೆಲಸಕ್ಕೆ ಬಂದವರಿಗೆ ಇದನ್ನು ತರಬೇತಿಯಲ್ಲೇ ಹೇಳಿಕೊಡುತ್ತಾರೆ: ತಲೆಗೆ ಇಟ್ಟ ದಿಂಬು ಕಾಲಿಗೆ ಹೋಗಬಾರದು, ಊಟದ ಟ್ರೇ ಇಡುವ ಕಡೆ ಬೆಡ್‌ಪ್ಯಾನ್ ಬರಬಾರದು. ಅಜ್ಜಿ ಇದ್ದ ಮನೆಯಲ್ಲಿ ಬೆಳೆದವರಿಗೆ ಇದ್ಯಾವುದೂ ಹೊರೆ ಅನಿಸುವುದಿಲ್ಲ.

ಮರಯೆಗೆ ಕರೆದಿದ್ದಾರೆ. ಏನೇನು ಗಮನದಲ್ಲಿಡಬೇಕು?

‘ಮರಯೆ’ ಒಂದು ಹಪೂವಿನ ಅಥವಾ ಇವಿಯ ಸಮುದಾಯದ ಅಂಗಳ, ಸುತ್ತಲಿನ ಕಟ್ಟಡಗಳೂ ಸೇರಿ. ಸ್ವಾಗತಕ್ಕೆ ‘ಪೋಫಿರಿ’ ಎನ್ನುತ್ತಾರೆ. ಬೇಗ ಹೋಗಿ ಗೇಟಿನ ಹೊರಗೆ ಕಾಯಿರಿ; ನೀವಾಗಿ ಒಳಗೆ ನುಗ್ಗುವಂತಿಲ್ಲ. ಒಳಗಿನಿಂದ ಒಬ್ಬ ಹೆಂಗಸಿನ ‘ಕರಙ’ ಕೇಳಿಸುತ್ತದೆ. ಎಳೆದು ಎಳೆದು ಕರೆಯುವ ಆ ದನಿಗೆ ಬಂದವರ ಕಡೆಯ ಹೆಂಗಸೊಬ್ಬರು ಉತ್ತರ ಕೊಡುತ್ತಾರೆ. ಮೈ ಜುಮ್ಮೆನ್ನುತ್ತದೆ, ಫೋನ್ ತೆಗೆದು ರೆಕಾರ್ಡ್ ಮಾಡಬೇಡಿ. ಗುಂಪಾಗಿ, ಮೌನವಾಗಿ, ನಿಧಾನವಾಗಿ ನಡೆಯಬೇಕು. ನಡುವೆ ಸ್ವಲ್ಪ ನಿಲ್ಲುತ್ತಾರೆ, ತೀರಿಹೋದವರಿಗಾಗಿ. ಮುಂದಿನ ಸಾಲಿನ ಕುರ್ಚಿ ಭಾಷಣ ಮಾಡುವವರಿಗೆ, ಬಹುತೇಕ ಕಡೆ ಗಂಡಸರಿಗೆ. ಜಾಗ ಖಾಲಿ ಇದೆ ಎಂದು ಹೋಗಿ ಕೂತುಬಿಡಬೇಡಿ.

ಪ್ರತಿ ಭಾಷಣ ಮುಗಿದ ಮೇಲೆ ಒಂದು ಹಾಡು. ಬಂದವರ ಕಡೆಯ ಕೊನೆಯ ಭಾಷಣಕಾರ ಕೊಹದ ಲಕೋಟೆಯನ್ನು ನೆಲದ ಮೇಲಿಡುತ್ತಾರೆ. ಆಮೇಲೆ ಸಾಲಾಗಿ ‘ಹೊಙಿ’: ಕೈ ಹಿಡಿದು, ಕಣ್ಣು ಮುಚ್ಚಿ ಅಥವಾ ತಗ್ಗಿಸಿ, ಮೂಗಿಗೆ ಮೂಗು ಮೆಲ್ಲಗೆ ಒತ್ತುವುದು, ಹಣೆಯೂ ತಾಗುತ್ತದೆ. ಉಜ್ಜುವುದಲ್ಲ, ಮುತ್ತೂ ಅಲ್ಲ. ಉಸಿರು ಹಂಚಿಕೊಳ್ಳುವುದು. ತಾನೆ ಎಂಬ ದೇವರು ಮಣ್ಣಿನಿಂದ ಮೊದಲ ಹೆಣ್ಣನ್ನು ಮಾಡಿ ಅವಳ ಮೂಗಿನಲ್ಲಿ ಉಸಿರೂದಿದ ಎಂಬ ಪುರಾಣ ಇದರ ಹಿಂದಿದೆ. ಮುಜುಗರವಾದರೆ ಕೈ ಚಾಚಿ, ಅವರೇ ಅರ್ಥ ಮಾಡಿಕೊಳ್ಳುತ್ತಾರೆ.

ಕೊನೆಗೆ ಊಟ. ಊಟವಾಗದೆ ಪೋಫಿರಿ ಮುಗಿಯುವುದಿಲ್ಲ, ತಪು ಕಳಚುವುದು ಅಲ್ಲೇ. ಸಭಾಗೃಹವಾದ ‘ಫರೆನುಯಿ’ಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಅಲ್ಲಿ ತಿನ್ನುವಂತಿಲ್ಲ, ಊಟ ‘ಫರೆಕೈ’ಯಲ್ಲಿ. ‘ಹಾಙೀ’ ಇದ್ದರೆ ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಬುಟ್ಟಿ ಇಟ್ಟು, ಮಣ್ಣು ಮುಚ್ಚಿ ಗಂಟೆಗಟ್ಟಲೆ ಬೇಯಿಸಿದ ಊಟ. ಮಾಂಸ-ತರಕಾರಿ ಒಂದೇ ಗುಂಡಿಯಲ್ಲಿ ಬೇಯುತ್ತವೆ, ಸಸ್ಯಾಹಾರಿಗಳು ಮೊದಲೇ ತಿಳಿಸುವುದು ಒಳ್ಳೆಯದು. ಅದರಲ್ಲಿನ ‘ಕೂಮರ’ ನಮ್ಮ ಗೆಣಸೇ, ಹೊಗೆಯ ವಾಸನೆ ಹತ್ತಿ ಬೇರೆಯೇ ರುಚಿ.

ಸಹೋದ್ಯೋಗಿ ‘ತಙಿ’ಗೆ ಹೋಗಿದ್ದಾರಂತೆ.

ಸಾವಿನ ಮನೆಗೆ. ‘ತಙಿ’ ಅಂದರೆ ಅಳು. ಸಾಮಾನ್ಯವಾಗಿ ಮೂರು ದಿನ ನಡೆಯುತ್ತದೆ. ಆ ದಿನಗಳಲ್ಲಿ ಪಾರ್ಥಿವ ಶರೀರವನ್ನು ಒಂಟಿಯಾಗಿ ಬಿಡುವುದಿಲ್ಲ. ಬಂದವರು ತೀರಿಕೊಂಡವರನ್ನೇ ಉದ್ದೇಶಿಸಿ ಮಾತಾಡುತ್ತಾರೆ, ಹೊಗಳುತ್ತಾರೆ, ಬೈಯುವುದೂ ಉಂಟು. ‘ಯಾವಾಗ ವಾಪಸ್ ಬರ್ತೀರಿ?’ ಎಂದು ಮೆಸೇಜ್ ಹಾಕಬೇಡಿ. ನೀವೂ ಹೋದರೆ, ಸ್ಮಶಾನದಿಂದ ಹೊರಬರುವಾಗ ಅಲ್ಲಿಟ್ಟಿರುವ ನೀರಿನಲ್ಲಿ ಕೈ ತೊಳೆದುಕೊಳ್ಳಿ.

ಕೋರ್ಸಿನಲ್ಲಿ ‘ಪೆಪೆಹ’ ಹೇಳಿ ಎಂದಿದ್ದಾರೆ. ನನ್ನ ಬೆಟ್ಟ ಯಾವುದು ಅನ್ನಲಿ?

ಪೆಪೆಹ ಅಂದರೆ ಮಾವೋರಿ ಕ್ರಮದಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದು. ಅದರಲ್ಲಿ ತನ್ನ ಹೆಸರು ಕೊನೆಗೆ ಬರುತ್ತದೆ. ಮೊದಲು ಬೆಟ್ಟ, ನದಿ, ಪೂರ್ವಜರನ್ನು ತಂದ ‘ವಕ’ ಅಂದರೆ ದೋಣಿ, ಇವಿ. ಆ ಬೆಟ್ಟ ತನ್ನ ವಂಶಕ್ಕೆ ಸೇರಿದ್ದು, ತಾನು ಬೆಟ್ಟಕ್ಕೆ ಸೇರಿದವನು ಎಂಬ ಅರ್ಥ ಅದರಲ್ಲಿದೆ. ಆಕ್ಲೆಂಡಿನ ಬಾಡಿಗೆ ಮನೆಯ ಕಿಟಕಿಯಿಂದ ಕಾಣುವ ಗುಡ್ಡವನ್ನು ‘ನನ್ನ ಬೆಟ್ಟ’ ಎಂದರೆ ಆ ಗುಡ್ಡದ ವಾರಸುದಾರರಿಗೆ ಇರುಸುಮುರುಸಾಗುತ್ತದೆ. ನಮ್ಮಂಥವರಿಗೆ ಸರಳ ಮಾತು ಸಾಕು: ‘ನೋ ಈನಿಯ ಓಕು ತೂಪುನ’ ಅಂದರೆ ನನ್ನ ಪೂರ್ವಜರು ಇಂಡಿಯಾದವರು, ‘ಕೆಯಿ ತಾಮಕಿ ಮಕೌರೌ ಅಹೌ ಎ ನೊಹೊ ಅನ’ ಅಂದರೆ ನಾನು ಆಕ್ಲೆಂಡಿನಲ್ಲಿ ಇದ್ದೇನೆ, ‘ಕೊ ಸುಮಾ ತೋಕು ಇಙೊವ’ ಅಂದರೆ ನನ್ನ ಹೆಸರು ಸುಮಾ. ಕಾವೇರಿಯನ್ನೋ ಚಾಮುಂಡಿ ಬೆಟ್ಟವನ್ನೋ ಸೇರಿಸಬೇಕೆನಿಸಿದರೆ, ಅದು ನಿಮ್ಮ ಊರಿನದಾಗಿದ್ದರೆ ಖಂಡಿತ ಸೇರಿಸಿ.

‘ಮನ’ ಎಂದರೆ?

ನಮ್ಮ ಮನವೂ ಅಲ್ಲ, ಮಾನವೂ ಅಲ್ಲ. ಹುಟ್ಟಿನಿಂದ ಒಂದಷ್ಟು ಬಂದು, ನಡತೆಯಿಂದ ಏರಿ ಇಳಿಯುವ ತೂಕ ಅದು. ಅಧಿಕಾರವಿಲ್ಲದವರಿಗೂ ಮನ ಇರಬಹುದು. ಬಂದವರನ್ನು ಉಪಚರಿಸುವುದಕ್ಕೆ ‘ಮನಾಕಿತಙ’ ಎನ್ನುತ್ತಾರೆ. ಅದರಲ್ಲಿ ಕೊರತೆಯಾದರೆ ಆತಿಥೇಯರ ಮನಕ್ಕೇ ಪೆಟ್ಟು.

ಊರಿನ ಹೆಸರುಗಳಿಗೆ ಅರ್ಥವಿದೆಯೇ?

ಬೇಕಾದಷ್ಟು. ‘ವೈ’ ನೀರು, ‘ರೊತೊ’ ಸರೋವರ, ‘ಅವ’ ನದಿ, ‘ಮೌಙ’ ಬೆಟ್ಟ, ‘ಪುಕೆ’ ಗುಡ್ಡ, ‘ಮೊಅನ’ ಸಮುದ್ರ, ‘ನುಯಿ’ ದೊಡ್ಡದು, ‘ಇತಿ’ ಚಿಕ್ಕದು, ‘ರೊವ’ ಉದ್ದ, ‘ರುವ’ ಎರಡು. ರೊತೊರುವ ಎಂದರೆ ಎರಡನೇ ಸರೋವರ. ದೇಶದ ಹೆಸರು ಅಒತೆಅರೊವ: ಉದ್ದನೆಯ ಬಿಳಿ ಮೋಡ ಎಂಬುದು ಬಳಕೆಯಲ್ಲಿರುವ ಅರ್ಥ. ದಕ್ಷಿಣದ ಙಾಯಿ ತಹು ಜನರ ಮಾತಿನಲ್ಲಿ ಙ ಹೋಗಿ ಕ ಆಗುತ್ತದೆ, ಹಾಗಾಗಿ ಅತಿ ಎತ್ತರದ ಶಿಖರ ಅಒರಕಿ. ಆಕ್ಲೆಂಡ್ ತಾಮಕಿ ಮಕೌರೌ, ಕ್ರೈಸ್ಟ್‌ಚರ್ಚ್ ಓತೌತಹಿ, ಹ್ಯಾಮಿಲ್ಟನ್ ಕಿರಿಕಿರಿರೊವ. ಕೊನೆಯದರಲ್ಲಿ ಕನ್ನಡದ ಕಿರಿಕಿರಿ ಇಲ್ಲ, ಹವಾಮಾನ ವರದಿ ಕೇಳುವಾಗ ನಗು ಬಂದರೆ ತಪ್ಪೇನಿಲ್ಲ.

ಕೀವಿ ಹಣ್ಣೋ ಹಕ್ಕಿಯೋ ಜನರೋ?

ಮೂಲದಲ್ಲಿ ಹಕ್ಕಿ. ಅದರಿಂದ ಜನರಿಗೆ ಅಡ್ಡಹೆಸರು. ಹಣ್ಣು ಚೀನಾ ಮೂಲದ್ದು, 1959ರಲ್ಲಿ ರಫ್ತಿನ ವ್ಯಾಪಾರಕ್ಕಾಗಿ ಕೀವಿಫ್ರೂಟ್ ಎಂದು ಹೆಸರಿಟ್ಟರು. ಇಲ್ಲಿ ‘ಕೀವಿ ತಿಂದೆ’ ಎಂದರೆ ಹಕ್ಕಿ ತಿಂದಂತೆ ಕೇಳಿಸುತ್ತದೆ.

ನಾವು ‘ಪಾಕೆಹಾ’ ಆಗುತ್ತೇವೆಯೇ? ಅದು ಬೈಗುಳವೇ?

ಬೈಗುಳವಲ್ಲ. ಯುರೋಪಿಯನ್ ಮೂಲದವರಿಗೆ ಹಾಗೆನ್ನುತ್ತಾರೆ, ಅವರಲ್ಲಿ ಅನೇಕರು ತಾವೇ ಹಾಗೆ ಬರೆದುಕೊಳ್ಳುತ್ತಾರೆ. ನಮ್ಮನ್ನು ಸಾಮಾನ್ಯವಾಗಿ ಅದರಲ್ಲಿ ಸೇರಿಸುವುದಿಲ್ಲ. ಮಾವೋರಿಗಳಲ್ಲದ ಎಲ್ಲರೂ ‘ತೌಇವಿ’. ಇನ್ನೊಂದು ಪದ ‘ತಙತ ತಿರಿತಿ’: ಒಪ್ಪಂದದ ಬಲದಿಂದ ಇಲ್ಲಿ ನೆಲೆಸುವ ಹಕ್ಕು ಪಡೆದವರು. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ, ಜವಾಬ್ದಾರಿಯೂ ಅದರಲ್ಲೇ ಸೇರಿದೆ.

ಯಾವ ಒಪ್ಪಂದ?

1840ರ ಫೆಬ್ರವರಿ 6ರಂದು ಮಾವೋರಿ ನಾಯಕರೂ ಬ್ರಿಟಿಷ್ ರಾಜಸತ್ತೆಯೂ ಸಹಿ ಹಾಕಿದ ವೈತಙಿ ಒಪ್ಪಂದ, ‘ತೆ ತಿರಿತಿ’. ಆ ದಿನ ಈಗ ರಾಷ್ಟ್ರೀಯ ರಜೆ. ಜಗಳವೆಲ್ಲ ಎರಡು ಪದಗಳದ್ದು. ಇಂಗ್ಲಿಷ್ ಪ್ರತಿಯಲ್ಲಿ ನಾಯಕರು ಸಾರ್ವಭೌಮತ್ವವನ್ನೇ ಬಿಟ್ಟುಕೊಟ್ಟರು ಎಂದಿದೆ. ಮಾವೋರಿ ಪ್ರತಿಯಲ್ಲಿ ಕೊಟ್ಟದ್ದು ‘ಕಾವನತಙ’. ಗವರ್ನರ್ ಎಂಬ ಪದವೇ ‘ಕಾವನ’ ಆಗಿ, ಅದಕ್ಕೆ ಬಾಲ ಸೇರಿ ಹುಟ್ಟಿದ ಪದ ಅದು. ಆಡಳಿತ ಎಂದಷ್ಟೇ ಅರ್ಥ. ‘ತಿನೊ ರಙತಿರತಙ’, ಅಂದರೆ ತಮ್ಮ ನೆಲ, ಹಳ್ಳಿ, ‘ತಒಙ’ಗಳ ಮೇಲಿನ ಪೂರ್ಣ ಯಜಮಾನಿಕೆ, ನಾಯಕರಲ್ಲೇ ಉಳಿಯಿತು. ಸಹಿ ಹಾಕಿದ 500ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಸಹಿ ಮಾಡಿದ್ದು ಮಾವೋರಿ ಪ್ರತಿಗೆ. ತಒಙ ಎಂದರೆ ಒಡವೆ, ಅಮೂಲ್ಯವಾದದ್ದು. ಭಾಷೆಯೂ ತಒಙ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ವೈತಙಿ ನ್ಯಾಯಮಂಡಳಿ 1986ರಲ್ಲಿ ಹೇಳಿತು. ಮರುವರ್ಷದ ಭಾಷಾ ಕಾಯ್ದೆಗೆ ಅದೇ ಬುನಾದಿ.

ಬೀಚಿನಲ್ಲಿ ‘ರಾಹುಯಿ’ ಎಂದು ಬರೆದಿದೆ. ಇಳಿಯಬಹುದಾ?

ಬೇಡ. ರಾಹುಯಿ ಎಂದರೆ ತಾತ್ಕಾಲಿಕ ನಿಷೇಧ. ಯಾರಾದರೂ ಮುಳುಗಿ ಸತ್ತಾಗ, ಅಥವಾ ಚಿಪ್ಪುಮೀನು ಬರಿದಾದಾಗ ಸ್ಥಳೀಯ ಇವಿ ಹಾಕುತ್ತದೆ. ಆಕ್ಲೆಂಡಿನ ಪಶ್ಚಿಮದ ವೈತಾಕೆರೆ ಕಾ​ಡಿನಲ್ಲಿ ಕೌರಿ ಮರಗಳಿಗೆ ತಗಲಿದ ಬೇರುರೋಗ ಹರಡದಂತೆ 2017ರಲ್ಲಿ ತೆ ಕವೆರೌ ಆ ಮಕಿ ಜನ ರಾಹುಯಿ ಹಾಕಿದರು. ಇಂದಿಗೂ ಕಾಡುದಾರಿಗಳ ಬಾಯಲ್ಲಿ ಬೂಟು ತಿಕ್ಕುವ ಬ್ರಷ್, ಔಷಧಿ ಇಟ್ಟಿರುತ್ತಾರೆ. ತಿಕ್ಕದೆ ದಾಟಬೇಡಿ.

ಮತರಿಕಿ ಹಬ್ಬ ಯಾವಾಗ?

ನಮ್ಮ ಕೃತ್ತಿಕಾ ನಕ್ಷತ್ರಪುಂಜವೇ ಇವರ ಮತರಿಕಿ. ಚಳಿಗಾಲದ ನಡುವೆ, ಜೂನ್-ಜುಲೈ ಹೊತ್ತಿಗೆ, ನಸುಕಿನಲ್ಲಿ ಅದು ಮತ್ತೆ ಕಾಣಿಸಿಕೊಂಡರೆ ಮಾವೋರಿ ಹೊಸವರ್ಷ. ಆ ವರ್ಷ ಅಗಲಿದವರ ಹೆಸರು ಕರೆಯುತ್ತಾರೆ, ಸೇರಿ ಉಣ್ಣುತ್ತಾರೆ. 2022ರಿಂದ ಸರ್ಕಾರಿ ರಜೆ. ಚಾಂದ್ರಮಾನದ ಲೆಕ್ಕವಾದ್ದರಿಂದ ತಾರೀಕು ಪ್ರತಿ ವರ್ಷ ಬದಲಾಗುತ್ತದೆ.

ಕಂಪ್ಯೂಟರ್, ಮೊಬೈಲಿಗೆಲ್ಲ ಪದ ಇದೆಯೇ?

ಇದೆ. ಕಂಪ್ಯೂಟರ್ ‘ರೊರೊಹಿಕೊ’: ರೊರೊ ಮಿದುಳು, ಹಿಕೊ ವಿದ್ಯುತ್ತು. ಮೊಬೈಲ್ ‘ವಯೆಅ ಪೂಕೊರೊ’, ಜೇಬಿನ ತಂತಿ. ಬಸ್ಸು ‘ಪಹಿ’, ಹಾಲು ‘ಮಿರಕ’, ಕ್ರಿಸ್ಮಸ್ ‘ಕಿರಿಹಿಮೆತೆ’: ಇವೆಲ್ಲ ಇಂಗ್ಲಿಷಿನಿಂದ ಬಂದು ಮಾವೋರಿ ಬಾಯಲ್ಲಿ ಪಳಗಿದವು. ನನ್ನ ಮೆಚ್ಚಿನದು ಫ್ರಾನ್ಸ್‌ಗೆ ಇಟ್ಟ ಹೆಸರು. ಫ್ರೆಂಚರು ಮಾತಿಗೊಮ್ಮೆ ‘ವೀ ವೀ’ ಎನ್ನುತ್ತಿದ್ದರು, ದೇಶವೇ ‘ವೀವೀ’ ಆಯಿತು.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಮ್ಮ ಹುಡುಗರು ಹಾಕಾ ಮಾಡಬಹುದಾ?

ಯೂಟ್ಯೂಬ್ ನೋಡಿ ನಾಲಿಗೆ ಚಾಚಿ ತೊಡೆ ತಟ್ಟುವುದಾದರೆ ಬೇಡ. ‘ಹಕ’ ಎಂಬ ಈ ಕುಣಿತ ಬರೀ ಯುದ್ಧದ ಕೂಗಲ್ಲ. ಸ್ವಾಗತಕ್ಕೆ, ಸಾವಿಗೆ, ಮದುವೆಗೆ, ಪ್ರತಿಭಟನೆಗೆ ಬೇರೆಬೇರೆ ಇವೆ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ಆಲ್ ಬ್ಲ್ಯಾಕ್ಸ್ ರಗ್ಬಿ ತಂಡದಿಂದ ಪ್ರಸಿದ್ಧವಾದ ‘ಕ ಮತೆ’ ಙಾತಿ ತೊಅ ಇವಿಯದು ಎಂದು ಗುರುತಿಸಲು 2014ರಲ್ಲಿ ಕಾಯ್ದೆಯೇ ಬಂತು. ಮಕ್ಕಳು ಶಾಲೆಯ ‘ಕಪ ಹಕ’, ಅಂದರೆ ಮಾವೋರಿ ಹಾಡು-ಕುಣಿತದ ತಂಡದಲ್ಲಿ ಕಲಿತಿದ್ದರೆ ಆ ಶಿಕ್ಷಕರನ್ನೇ ಕೇಳಿ, ಅವರನ್ನೂ ಕಾರ್ಯಕ್ರಮಕ್ಕೆ ಕರೆಯಿರಿ. ಹಚ್ಚೆಯೂ ಹೀಗೆಯೇ: ಮುಖದ ‘ಮೊಕೊ’ದಲ್ಲಿ ವಂಶಾವಳಿ ಇರುತ್ತದೆ, ಅದು ಫ್ಯಾಷನ್ ಅಲ್ಲ.

ಸರ್ಕಾರ ಮಾವೋರಿ ಪದಗಳನ್ನು ತೆಗೆಯುತ್ತಿದೆಯಂತೆ, ನಿಜವೇ?

ಅರ್ಧ ನಿಜ. ಇಲಾಖೆಗಳ ಹೆಸರಿನಲ್ಲಿ ಇಂಗ್ಲಿಷ್ ಮೊದಲು ಬರಬೇಕೆಂದು 2023ರ ಕೊನೆಯಲ್ಲಿ ಬಂದ ಸಮ್ಮಿಶ್ರ ಸರ್ಕಾರ ಹೇಳಿತು. ರಸ್ತೆ ಸಾರಿಗೆ ಇಲಾಖೆಯ ‘ವಕ ಕೊತಹಿ’, ಆರೋಗ್ಯ ಇಲಾಖೆಯ ‘ತೆ ಫತು ಒರ’ ಹಿಂದಕ್ಕೆ ಸರಿದವು, ಮಾಯವಾಗಲಿಲ್ಲ. ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆಯ ವಿರುದ್ಧ 2024ರ ನವೆಂಬರಿನಲ್ಲಿ ದೇಶದ ಉದ್ದಕ್ಕೂ ‘ಹೀಕೊಯಿ’, ಅಂದರೆ ಪಾದಯಾತ್ರೆ ನಡೆದು ವೆಲಿಂಗ್ಟನ್ ತುಂಬಿಹೋಯಿತು. 2025ರ ಏಪ್ರಿಲ್‌ನಲ್ಲಿ ಮಸೂದೆ ಬಿದ್ದುಹೋಯಿತು. ಭಾಷೆಯ ವಿಚಾರಕ್ಕೆ ಗೋಕಾಕ್ ಚಳವಳಿ ಕಂಡ ನಾಡಿನವರಿಗೆ ಈ ಬಿಸಿ ಅರ್ಥವಾಗುತ್ತದೆ. ಆಫೀಸಿನಲ್ಲಿ ಮಾತ್ರ ಇದರ ಬಗ್ಗೆ ಅಭಿಪ್ರಾಯ ಹೇಳುವ ಮುಂಚೆ ಸ್ವಲ್ಪ ದಿನ ಕೇಳಿಸಿಕೊಳ್ಳಿ.

ತಪ್ಪಾಗಿ ಹೇಳಿದರೆ ಬೇಜಾರಾಗುತ್ತಾರಾ?

ಇಲ್ಲ. ಪ್ರಯತ್ನ ಮಾಡದೆ, ಹೆಸರನ್ನು ಬೇಕಂತಲೇ ತಿರುಚಿದರೆ ಆಗುತ್ತಾರೆ. ನಮ್ಮ ಹೆಸರನ್ನು ಇಲ್ಲಿನವರು ಕತ್ತರಿಸಿದಾಗ ನಮಗೇನು ಅನಿಸುತ್ತದೋ ಅದೇ.

ಕೀಬೋರ್ಡಿನಲ್ಲಿ ದೀರ್ಘದ ಗೆರೆ ಹಾಕುವುದು ಹೇಗೆ?

ಫೋನಿನಲ್ಲಿ ಸ್ವರದ ಮೇಲೆ ಬೆರಳು ಒತ್ತಿ ಹಿಡಿದರೆ ಆಯ್ಕೆಗಳು ಬರುತ್ತವೆ. ವಿಂಡೋಸ್‌ನಲ್ಲಿ ಮಾವೋರಿ ಕೀಬೋರ್ಡ್ ಸೇರಿಸಿಕೊಂಡು, 1 ಅಂಕಿಯ ಎಡಗಡೆಯ ಕೀಲಿ ಒತ್ತಿ ಆಮೇಲೆ ಸ್ವರ ಒತ್ತಿ. ಮ್ಯಾಕ್‌ನಲ್ಲೂ ಮಾವೋರಿ ಕೀಬೋರ್ಡ್ ಆರಿಸಿಕೊಂಡು ಆಪ್ಷನ್ ಕೀಲಿ ಹಿಡಿದು ಸ್ವರ ಒತ್ತಿದರಾಯಿತು. ಸಹೋದ್ಯೋಗಿಯ ಹೆಸರಿನಲ್ಲಿ ಗೆರೆ ಇದ್ದರೆ ಬಿಡಬೇಡಿ. ಅರ್ಜೆಂಟಿದ್ದರೆ ಅವರ ಇಮೇಲಿನಿಂದಲೇ ಹೆಸರನ್ನು ಕಾಪಿ ಮಾಡಿ ಅಂಟಿಸಿ.